ಗಾಡ್‌ಫ್ರೇ ಹೌನ್ಸ್‌ಫೀಲ್ಡ್: ಗಂಟಿನೊಳಗೆ ನೀರಿದೆಯೋ ಮಾಂಸವಿದೆಯೋ ಎಂದು ತೋರಿಸಿಕೊಟ್ಟವರು



ನಮ್ಮ ಕಾಲೇಜಿನ ಪತ್ರಿಕೆಯಲ್ಲಿ ವಿಜ್ಞಾನಿಗಳ ಜೀವನ ಚರಿತ್ರೆಯನ್ನು ಹೆಚ್ಚಾಗಿ ಸೈನ್ಸ್ ವಿಭಾಗದವರೇ ಬರೆಯುತ್ತಾರೆ. ನಾನು ಕಾಮರ್ಸ್ ವಿಭಾಗದ ವಿದ್ಯಾರ್ಥಿ. ಆದರೂ ಈ ಸಲ ಒಬ್ಬ ಇಂಜಿನಿಯರ್ ಬಗ್ಗೆ ಬರೆಯುತ್ತಿದ್ದೇನೆ. ಅವರು ಡಾಕ್ಟರ್ ಆಗಿರಲಿಲ್ಲ. ವಿಶ್ವವಿದ್ಯಾಲಯದ ಪದವಿಯೂ ಅವರಿಗೆ ಇರಲಿಲ್ಲ. ಅವರು ಕೆಲಸ ಮಾಡುತ್ತಿದ್ದ ಕಂಪನಿ ಹಾಡಿನ ರೆಕಾರ್ಡ್‌ಗಳಿಗೆ ಹೆಸರಾಗಿತ್ತು. ಅಂಥವರಿಗೆ 1979ರಲ್ಲಿ ವೈದ್ಯಕೀಯ ವಿಭಾಗದ ನೊಬೆಲ್ ಬಹುಮಾನ ಬಂತು. ಅವರ ಹೆಸರು ಗಾಡ್‌ಫ್ರೇ ಹೌನ್ಸ್‌ಫೀಲ್ಡ್. ಸಿ.ಟಿ. ಸ್ಕ್ಯಾನ್ ವರದಿಗಳಲ್ಲಿ ಅಂಕಿಯ ಪಕ್ಕ ಎಚ್‌ಯು ಎಂದು ಬರೆದಿರುತ್ತದೆ. ಅದು ಹೌನ್ಸ್‌ಫೀಲ್ಡ್ ಯೂನಿಟ್. ಆ ಅಕ್ಷರಗಳಲ್ಲಿ ಇರುವುದು ಇವರ ಹೆಸರೇ.

ಹೌನ್ಸ್‌ಫೀಲ್ಡ್ ಹುಟ್ಟಿದ್ದು 1919ರ ಆಗಸ್ಟ್ 28ರಂದು, ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರ್ ಜಿಲ್ಲೆಯ ನೆವಾರ್ಕ್ ಊರಿನಲ್ಲಿ. ತಂದೆ ರೈತರು. ಐದು ಮಕ್ಕಳಲ್ಲಿ ಇವರೇ ಕೊನೆಯವರು. ಅಣ್ಣ ಅಕ್ಕಂದಿರು ದೊಡ್ಡವರಾಗಿದ್ದರಿಂದ ಆಟಕ್ಕೆ ಜೊತೆ ಇರಲಿಲ್ಲ. ಹೊಲದ ಯಂತ್ರಗಳೇ ಜೊತೆಗಾರರಾದವು. ಹುಡುಗ ತಾನೇ ರೆಕಾರ್ಡಿಂಗ್ ಯಂತ್ರ ಮಾಡಿದ. ತಾನೇ ಕಟ್ಟಿದ ಗ್ಲೈಡರ್ ಹಿಡಿದು ಹುಲ್ಲಿನ ಬಣವೆಯ ಮೇಲಿಂದ ಹಾರಿದ. ನೀರು ತುಂಬಿದ ಡಾಂಬರು ಪೀಪಾಯಿಗೆ ಅಸಿಟಿಲೀನ್ ಗ್ಯಾಸ್ ಬಿಟ್ಟು ಅದನ್ನು ಎಷ್ಟು ಎತ್ತರಕ್ಕೆ ಹಾರಿಸಬಹುದು ಎಂದು ನೋಡಿದ. ಬದುಕಿ ಉಳಿದದ್ದೇ ಹೆಚ್ಚು. ಶಾಲೆಯಲ್ಲಿ ಗಣಿತ ಮತ್ತು ಭೌತಶಾಸ್ತ್ರ ಬಿಟ್ಟರೆ ಉಳಿದ ವಿಷಯಗಳು ತಲೆಗೆ ಹತ್ತಲಿಲ್ಲ.

ಎರಡನೇ ಮಹಾಯುದ್ಧ ಶುರುವಾದಾಗ ಅವರು ವಾಯುಪಡೆ ಸೇರಿದರು. ಅಲ್ಲಿ ಸಿಕ್ಕ ಪುಸ್ತಕಗಳನ್ನು ತಾವೇ ಓದಿ, ಪರೀಕ್ಷೆ ಪಾಸು ಮಾಡಿ, ರೇಡಾರ್ ಕಲಿಸುವ ಬೋಧಕರಾದರು. ಅವರ ಕೆಲಸ ನೋಡಿದ ಒಬ್ಬ ಹಿರಿಯ ಅಧಿಕಾರಿ ಯುದ್ಧದ ನಂತರ ಅವರಿಗೆ ಓದಲು ಸಹಾಯಧನ ಕೊಡಿಸಿದರು. ಲಂಡನ್ನಿನ ಫ್ಯಾರಡೇ ಹೌಸ್ ಎಂಬ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಕಾಲೇಜಿನಲ್ಲಿ ಡಿಪ್ಲೊಮಾ ಮುಗಿಸಿದರು. ಅವರ ಓದು ಅಲ್ಲಿಗೆ ಮುಗಿಯಿತು.

ಆಮೇಲೆ ಇಎಂಐ ಕಂಪನಿ ಸೇರಿದರು. ಬೀಟಲ್ಸ್ ತಂಡದ ಹಾಡುಗಳನ್ನು ಹೊರತಂದ ಕಂಪನಿ ಇದೇ. ಆದರೆ ಇಎಂಐ ರೇಡಾರ್, ಟಿ.ವಿ. ಮತ್ತು ಕಂಪ್ಯೂಟರ್ ಕೆಲಸವನ್ನೂ ಮಾಡುತ್ತಿತ್ತು. 1958ರ ಸುಮಾರಿಗೆ ಹೌನ್ಸ್‌ಫೀಲ್ಡ್ ಅವರ ತಂಡ ಇಮಿಡೆಕ್ 1100 ಎಂಬ ಕಂಪ್ಯೂಟರ್ ರೂಪಿಸಿತು. ಪೂರ್ತಿ ಟ್ರಾನ್ಸಿಸ್ಟರ್‌ಗಳಿಂದಲೇ ಮಾಡಿದ ಬ್ರಿಟನ್ನಿನ ಮೊದಲ ಕಂಪ್ಯೂಟರ್‌ಗಳಲ್ಲಿ ಅದೂ ಒಂದು. ಅದಾದ ಮೇಲೆ ಕಂಪ್ಯೂಟರಿನ ಮೆಮೊರಿ ಬಗ್ಗೆ ಅವರು ಮಾಡುತ್ತಿದ್ದ ಕೆಲಸ ಲಾಭ ತರುವುದಿಲ್ಲ ಎಂದು ಗೊತ್ತಾಗಿ ಯೋಜನೆ ನಿಂತುಹೋಯಿತು. ಕಂಪನಿ ಅವರನ್ನು ತೆಗೆದುಹಾಕಲಿಲ್ಲ. ಹೊಸ ವಿಷಯವೊಂದನ್ನು ನೀವೇ ಯೋಚಿಸಿ ಎಂದು ಸಮಯ ಕೊಟ್ಟಿತು. ಹೌನ್ಸ್‌ಫೀಲ್ಡ್ ಅವರಿಗೆ ಹಳ್ಳಿಗಾಡಿನಲ್ಲಿ ದೂರದೂರ ನಡೆಯುವ ಅಭ್ಯಾಸವಿತ್ತು. ಅಂಥ ಒಂದು ನಡಿಗೆಯಲ್ಲಿ ಅವರಿಗೆ ಒಂದು ವಿಚಾರ ಹೊಳೆಯಿತು. ಮುಚ್ಚಿದ ಡಬ್ಬಿಯೊಂದನ್ನು ತೆರೆಯದೆ, ಎಲ್ಲ ದಿಕ್ಕುಗಳಿಂದ ಅದರ ಮೂಲಕ ಕಿರಣ ಹಾಯಿಸಿ ಅಳೆದರೆ ಒಳಗೆ ಎಲ್ಲೆಲ್ಲಿ ಏನಿದೆ ಎಂದು ಲೆಕ್ಕ ಹಾಕಬಹುದಲ್ಲವೇ? ಇದು 1967ರ ಮಾತು.

ಇದು ನಮ್ಮ ಅಕೌಂಟೆನ್ಸಿಯ ಭಾಷೆಯಲ್ಲಿ ಚೆನ್ನಾಗಿ ಅರ್ಥವಾಗುತ್ತದೆ. ನಾಲ್ಕು ಮನೆಗಳಿರುವ ಒಂದು ಚಿಕ್ಕ ಕೋಷ್ಟಕ ಇದೆ ಎಂದುಕೊಳ್ಳಿ. ಮೇಲೆ ಎರಡು ಮನೆ, ಕೆಳಗೆ ಎರಡು ಮನೆ. ಒಳಗಿನ ಅಂಕಿಗಳು ಅಳಿಸಿಹೋಗಿವೆ. ಒಟ್ಟು ಮೊತ್ತಗಳು ಮಾತ್ರ ಉಳಿದಿವೆ. ಮೇಲಿನ ಸಾಲಿನ ಮೊತ್ತ 5, ಕೆಳಗಿನ ಸಾಲಿನದು 9. ಎಡಗಡೆಯ ಕಂಬದ ಮೊತ್ತ 7, ಬಲಗಡೆಯದೂ 7. ಇಷ್ಟರಿಂದ ಉತ್ತರ ಖಚಿತವಾಗುವುದಿಲ್ಲ. ಮೇಲೆ 1 ಮತ್ತು 4, ಕೆಳಗೆ 6 ಮತ್ತು 3 ಇರಬಹುದು. ಮೇಲೆ 2 ಮತ್ತು 3, ಕೆಳಗೆ 5 ಮತ್ತು 4 ಕೂಡ ಇರಬಹುದು. ಈಗ ಓರೆಯಾಗಿ ಕೂಡಿದ ಮೊತ್ತವನ್ನೂ ಕೊಡುತ್ತೇನೆ. ಮೇಲಿನ ಎಡ ಮನೆ ಮತ್ತು ಕೆಳಗಿನ ಬಲ ಮನೆ ಸೇರಿ 4. ಆಗ ಮೊದಲನೇ ಉತ್ತರ ಮಾತ್ರ ಉಳಿಯುತ್ತದೆ. ಸಾಮಾನ್ಯ ಎಕ್ಸ್‌ರೇ ಒಂದೇ ದಿಕ್ಕಿನ ಮೊತ್ತ ಇದ್ದ ಹಾಗೆ. ಮುಂದಿನ ಮೂಳೆ, ಹಿಂದಿನ ಮಾಂಸ, ನಡುವಿನ ನೀರು ಎಲ್ಲವೂ ಒಂದರ ಮೇಲೊಂದು ಕೂಡಿಕೊಂಡು ಒಂದೇ ನೆರಳಾಗಿ ಬರುತ್ತದೆ. ಹೌನ್ಸ್‌ಫೀಲ್ಡ್ ಬೇರೆ ಬೇರೆ ಕೋನಗಳಿಂದ ಮೊತ್ತ ತೆಗೆದುಕೊಂಡು ಒಳಗಿನ ಪ್ರತಿ ಮನೆಯ ಅಂಕಿಯನ್ನು ಕಂಡುಹಿಡಿಯುವ ಯಂತ್ರ ಮಾಡಿದರು. ಮನೆಗಳು ನಾಲ್ಕಲ್ಲ, ಸಾವಿರಾರು. ಅದಕ್ಕೇ ಕಂಪ್ಯೂಟರ್ ಬೇಕಾಯಿತು.

ಮೊದಲ ಯಂತ್ರವನ್ನು ಅವರು ಹಳೆಯ ಲೇತ್ ಯಂತ್ರದ ತಳದ ಮೇಲೆ ಕಟ್ಟಿದರು. ಅದರಲ್ಲಿ ಎಕ್ಸ್‌ರೇ ಇರಲಿಲ್ಲ, ಅಮೆರಿಸಿಯಂ ಎಂಬ ವಿಕಿರಣ ವಸ್ತುವಿನಿಂದ ಬರುವ ಗಾಮಾ ಕಿರಣ ಇತ್ತು. ಆ ಕಿರಣ ಬಹಳ ದುರ್ಬಲ. 28,000 ಅಳತೆ ತೆಗೆದುಕೊಳ್ಳಲು 9 ದಿನ ಬೇಕಾಯಿತು. ಆ ಅಳತೆಗಳನ್ನು ದೊಡ್ಡ ಕಂಪ್ಯೂಟರಿಗೆ ಕೊಟ್ಟರೆ ಲೆಕ್ಕಕ್ಕೆ ಇನ್ನೂ ಎರಡೂವರೆ ಗಂಟೆ. ಎಕ್ಸ್‌ರೇ ಟ್ಯೂಬ್ ಹಾಕಿದ ಮೇಲೆ 9 ದಿನದ ಕೆಲಸ 9 ಗಂಟೆಗೆ ಇಳಿಯಿತು.

ಪರೀಕ್ಷೆಗೆ ಎತ್ತಿನ ಮಿದುಳು ಬೇಕಾಗಿತ್ತು. ಸಾಮಾನ್ಯ ಕಸಾಯಿಖಾನೆಯಲ್ಲಿ ಪ್ರಾಣಿಯ ತಲೆಗೆ ಪೆಟ್ಟು ಕೊಟ್ಟು ಪ್ರಜ್ಞೆ ತಪ್ಪಿಸುತ್ತಿದ್ದರಿಂದ ಮಿದುಳಿನಲ್ಲಿ ರಕ್ತಸ್ರಾವವಾಗಿ ಚಿತ್ರ ಕೆಡುತ್ತಿತ್ತು. ಯಹೂದಿಗಳ ಕಸಾಯಿಖಾನೆಯಲ್ಲಿ ನಮ್ಮ ಝಬೀಹಾದ ಹಾಗೆಯೇ ಕುತ್ತಿಗೆಯನ್ನು ಕೊಯ್ಯುತ್ತಾರೆ, ತಲೆಗೆ ಪೆಟ್ಟು ಬೀಳುವುದಿಲ್ಲ. ಹೌನ್ಸ್‌ಫೀಲ್ಡ್ ಅಲ್ಲಿಂದ ಮಿದುಳು ತಂದರು, ಲಂಡನ್ ಉದ್ದಕ್ಕೂ ತಾವೇ ಹೊತ್ತುಕೊಂಡು.

1971ರ ಅಕ್ಟೋಬರ್ 1ರಂದು ಲಂಡನ್ನಿನ ವಿಂಬಲ್ಡನ್ ಪ್ರದೇಶದ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಮೊದಲ ರೋಗಿಯ ಸ್ಕ್ಯಾನ್ ನಡೆಯಿತು. ಜೊತೆಗಿದ್ದ ವೈದ್ಯರು ಜೇಮ್ಸ್ ಆಂಬ್ರೋಸ್. ರೋಗಿ ಒಬ್ಬ ಮಹಿಳೆ. ಅವರ ಮಿದುಳಿನಲ್ಲಿ ಗೆಡ್ಡೆ ಇದೆಯೆಂಬ ಸಂಶಯ. ಯಂತ್ರ ಒಂದೊಂದು ಡಿಗ್ರಿಯಷ್ಟೇ ತಿರುಗುತ್ತ 180 ಸಲ ತಲೆಯ ಮೇಲೆ ಹಾದುಹೋಯಿತು. ಪ್ರತಿ ಸಲ 160 ಅಳತೆ. ಒಟ್ಟು 28,800. ಚಿತ್ರ ಬಂದಾಗ ಮಿದುಳಿನ ಮುಂಭಾಗದಲ್ಲಿ ಕಪ್ಪಗೆ, ದುಂಡಗೆ ಒಂದು ಸಿಸ್ಟ್ ಸ್ಪಷ್ಟವಾಗಿ ಕಂಡಿತು. ಸರ್ಜನ್ ಶಸ್ತ್ರಚಿಕಿತ್ಸೆ ಮಾಡಿದಾಗ ಚಿತ್ರದಲ್ಲಿ ಇದ್ದಂತೆಯೇ ಇತ್ತು. ತಲೆಬುರುಡೆಯನ್ನು ತೆರೆಯುವ ಮೊದಲೇ ಒಳಗಿನ ದ್ರವವನ್ನೂ ಸುತ್ತಲಿನ ಮಾಂಸವನ್ನೂ ಬೇರೆ ಬೇರೆಯಾಗಿ ನೋಡಿದ್ದರು. 1972ರ ಏಪ್ರಿಲ್‌ನಲ್ಲಿ ಇದನ್ನು ಜಗತ್ತಿಗೆ ತಿಳಿಸಿದರು.

ನನ್ನ ಅಭಿಪ್ರಾಯದಲ್ಲಿ ಹೌನ್ಸ್‌ಫೀಲ್ಡ್ ಅವರ ದೊಡ್ಡ ಕೊಡುಗೆ ಚಿತ್ರಕ್ಕಿಂತ ಹೆಚ್ಚಾಗಿ ಅದರ ಹಿಂದಿನ ಅಂಕಿಗಳು. ಮೊದಲ ಯಂತ್ರದಲ್ಲಿ ರೋಗಿಯ ತಲೆಯ ಸುತ್ತ ನೀರಿನ ಪೆಟ್ಟಿಗೆ ಇರುತ್ತಿತ್ತು. ಅಳತೆಗೆ ನೀರೇ ಆಧಾರವಾಯಿತು. ಈಗ ಬಳಕೆಯಲ್ಲಿರುವ ಅಳತೆಯಲ್ಲಿ ನೀರು 0. ಗಾಳಿ ಮೈನಸ್ 1000. ಕೊಬ್ಬು ಮೈನಸ್ 100ರ ಆಸುಪಾಸು. ಮೂತ್ರಪಿಂಡದ ಮಾಂಸ ಸುಮಾರು 30. ಹೆಪ್ಪುಗಟ್ಟಿದ ರಕ್ತ 60 ದಾಟುತ್ತದೆ. ಗಟ್ಟಿ ಮೂಳೆ ಸಾವಿರದವರೆಗೂ ಹೋಗುತ್ತದೆ. ಹೌನ್ಸ್‌ಫೀಲ್ಡ್ ಮೊದಲು ಗಾಳಿಗೆ ಮೈನಸ್ 500 ಇಟ್ಟಿದ್ದರು, ಆಮೇಲೆ ಅಳತೆಯನ್ನು ಎರಡರಷ್ಟು ಮಾಡಲಾಯಿತು. ನೀರಿನ ಸೊನ್ನೆ ಮಾತ್ರ ಬದಲಾಗಲಿಲ್ಲ. ಹಿಂದೆ ವೈದ್ಯರು ಸ್ವಲ್ಪ ಕಪ್ಪು, ಸ್ವಲ್ಪ ಬಿಳುಪು ಎಂದು ಹೇಳುತ್ತಿದ್ದ ಜಾಗದಲ್ಲಿ ಈಗ ಒಂದು ಸಂಖ್ಯೆ ಬಂತು.

ಈ ಸಂಖ್ಯೆಯ ಬೆಲೆ ಮೂತ್ರಪಿಂಡದ ವಿಷಯದಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಮೂತ್ರಪಿಂಡವನ್ನು ನಮ್ಮ ಮನೆಯಲ್ಲಿ ಗುರ್ದಾ ಎನ್ನುತ್ತೇವೆ. ವಯಸ್ಸು 50 ದಾಟಿದವರಲ್ಲಿ ಬಹಳ ಜನರ ಗುರ್ದಾದಲ್ಲಿ ನೀರು ತುಂಬಿದ ಚೀಲ, ಅಂದರೆ ಸಿಸ್ಟ್ ಇರುತ್ತದೆ. ಹೆಚ್ಚಿನವರಿಗೆ ಅದು ಇರುವುದೇ ಗೊತ್ತಿರುವುದಿಲ್ಲ, ಅದರಿಂದ ತೊಂದರೆಯೂ ಇಲ್ಲ. ಆದರೆ ಅದೇ ಜಾಗದಲ್ಲಿ ಕ್ಯಾನ್ಸರ್ ಗೆಡ್ಡೆಯೂ ಬೆಳೆಯಬಹುದು. ಹಳೆಯ ಎಕ್ಸ್‌ರೇಯಲ್ಲಿ ಎರಡೂ ಒಂದು ಉಬ್ಬಿನ ಹಾಗೆ ಕಾಣುತ್ತಿದ್ದವು. ಸಂಶಯ ಬಂದರೆ ರಕ್ತನಾಳದೊಳಗೆ ಕೊಳವೆ ಹಾಕಿ ಔಷಧ ಬಿಟ್ಟು ಎಕ್ಸ್‌ರೇ ತೆಗೆಯಬೇಕು, ಇಲ್ಲವೇ ಬೆನ್ನಿನಿಂದ ಸೂಜಿ ಚುಚ್ಚಿ ನೀರು ತೆಗೆದು ನೋಡಬೇಕು. ಅದರಿಂದಲೂ ತಿಳಿಯದಿದ್ದರೆ ಹೊಟ್ಟೆ ಕೊಯ್ದೇ ನೋಡಬೇಕಾಗಿತ್ತು. ಕೊಯ್ದ ಮೇಲೆ ಬರೀ ನೀರಿನ ಚೀಲ ಸಿಕ್ಕಿದ ರೋಗಿಗಳೂ ಇದ್ದರು.

ತಲೆಯ ಸ್ಕ್ಯಾನ್ ಬಂದ ಕೂಡಲೇ ಹೊಟ್ಟೆಯ ಸ್ಕ್ಯಾನ್ ಬರಲಿಲ್ಲ. ತಲೆಯನ್ನು ಐದು ನಿಮಿಷ ಅಲುಗಾಡದಂತೆ ಇಡಬಹುದು. ಉಸಿರಾಡಿದರೆ ಗುರ್ದಾ ಮೇಲೆ ಕೆಳಗೆ ಸರಿಯುತ್ತದೆ. ಒಮ್ಮೆ ಉಸಿರು ಬಿಗಿ ಹಿಡಿದಷ್ಟರಲ್ಲಿ ಅಳತೆ ಮುಗಿಯಬೇಕು. 1970ರ ದಶಕದ ಮಧ್ಯದಲ್ಲಿ ಹೌನ್ಸ್‌ಫೀಲ್ಡ್ ತಂಡ ಸುಮಾರು 20 ಸೆಕೆಂಡಿನಲ್ಲಿ ಕೆಲಸ ಮುಗಿಸುವ ಇಡೀ ದೇಹದ ಸ್ಕ್ಯಾನರ್ ಮಾಡಿತು. ಅಲ್ಲಿಂದ ಗುರ್ದಾದ ಗಂಟುಗಳನ್ನೂ ಅಂಕಿಯಿಂದ ಅಳೆಯಲು ಸಾಧ್ಯವಾಯಿತು.

ಈಗ ವೈದ್ಯರು ಮುಖ್ಯವಾಗಿ ಎರಡು ಅಂಕಿ ನೋಡುತ್ತಾರೆ. ಮೊದಲು ಯಾವ ಔಷಧವನ್ನೂ ಕೊಡದೆ ಸ್ಕ್ಯಾನ್ ಮಾಡುತ್ತಾರೆ. ಗಂಟಿನ ಅಂಕಿ 0ಯಿಂದ 20ರ ಒಳಗೆ ಇದ್ದು, ಗೋಡೆ ತೆಳುವಾಗಿ, ಒಳಗೆಲ್ಲ ಒಂದೇ ಸಮನಾಗಿದ್ದರೆ ಅದು ನೀರು. ಆಮೇಲೆ ಅಯೋಡಿನ್ ಇರುವ ಕಾಂಟ್ರಾಸ್ಟ್ ಔಷಧವನ್ನು ಕೈಯ ನರಕ್ಕೆ ಕೊಟ್ಟು ಮತ್ತೆ ಸ್ಕ್ಯಾನ್ ಮಾಡುತ್ತಾರೆ. ಗೆಡ್ಡೆ ಜೀವಂತ ಮಾಂಸ. ಅದಕ್ಕೆ ರಕ್ತ ಹರಿಯುತ್ತದೆ, ರಕ್ತದ ಜೊತೆ ಔಷಧವೂ ಹೋಗುತ್ತದೆ, ಅಂಕಿ ಏರುತ್ತದೆ. ಸಿಸ್ಟಿನ ಒಳಗಿನ ನೀರಿಗೆ ರಕ್ತನಾಳ ಇಲ್ಲ, ಆದ್ದರಿಂದ ಅಂಕಿ ಇದ್ದಲ್ಲೇ ಇರುತ್ತದೆ. ಏರಿಕೆ 10ಕ್ಕಿಂತ ಕಡಿಮೆ ಇದ್ದರೆ ಏರಿಲ್ಲ ಎಂದೇ ಲೆಕ್ಕ. 20 ಅಥವಾ ಹೆಚ್ಚು ಏರಿದರೆ ಗೆಡ್ಡೆಯ ಸಂಶಯ ಬಲವಾಗುತ್ತದೆ. ನಡುವೆ ಇದ್ದರೆ ಎಂಆರ್‌ಐ ಮುಂತಾದ ಬೇರೆ ಪರೀಕ್ಷೆ ಮಾಡುತ್ತಾರೆ. ನಮ್ಮ ಓಪನಿಂಗ್ ಬ್ಯಾಲೆನ್ಸ್ ಮತ್ತು ಕ್ಲೋಸಿಂಗ್ ಬ್ಯಾಲೆನ್ಸ್ ಇದ್ದ ಹಾಗೆ, ಒಂದೇ ಅಂಕಿಯಿಂದ ತೀರ್ಮಾನ ಆಗುವುದಿಲ್ಲ, ವ್ಯತ್ಯಾಸ ನೋಡಬೇಕು. ಇನ್ನೊಂದು ವಿಷಯ. ಗಂಟಿನೊಳಗೆ ಮೈನಸ್ ಅಂಕಿ ಬಂದರೆ ಅದು ಕೊಬ್ಬು. ಕೊಬ್ಬು ಸೇರಿದ ಅಂಥ ಗೆಡ್ಡೆ ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ.

ಎರಡು ವರ್ಷದ ಹಿಂದೆ ಈ ಅಂಕಿಗಳು ನಮ್ಮ ಮನೆಗೂ ಬಂದವು. ನನ್ನ ನಾನಿಗೆ ಹೊಟ್ಟೆನೋವೆಂದು ಅಲ್ಟ್ರಾಸೌಂಡ್ ಮಾಡಿಸಿದಾಗ ಎಡ ಗುರ್ದಾದಲ್ಲಿ 4 ಸೆಂಟಿಮೀಟರ್ ಗಂಟು ಕಂಡಿತು. ಹೊಟ್ಟೆಯ ಗಾಳಿಯಿಂದ ಒಳಭಾಗ ಸರಿಯಾಗಿ ಕಾಣುವುದಿಲ್ಲ, ಸಿ.ಟಿ. ಮಾಡಿಸಿ ಎಂದರು. ನಮ್ಮ ಉರ್ದುವಿನಲ್ಲಿ ಗಾಂಠ್ ಎನ್ನುತ್ತೇವೆ, ಕನ್ನಡದಲ್ಲಿ ಗಂಟು. ಎರಡು ಭಾಷೆಯಲ್ಲೂ ಆ ಮಾತು ಕೇಳಿದರೆ ಜನ ಒಂದನ್ನೇ ಯೋಚಿಸುತ್ತಾರೆ. ಸಿ.ಟಿ. ಆಗುವವರೆಗಿನ ನಾಲ್ಕು ದಿನ ಮನೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ಅಮ್ಮಿ ಬಳೆಗಳನ್ನು ತೆಗೆದು ಅಲ್ಮಾರಿಯಲ್ಲಿ ಬೇರೆ ಇಟ್ಟರು, ಆಪರೇಷನ್ ಆದರೆ ಬೇಕಾಗುತ್ತದೆಂದು. ನಾನಿ ಮಾತ್ರ ತಸ್ಬೀಹ್ ಹಿಡಿದುಕೊಂಡು ಕೂತಿದ್ದರು. ವರದಿ ಬಂದಾಗ ಇಂಗ್ಲಿಷ್ ಓದಲು ನನ್ನನ್ನು ಕರೆದರು. ಉದ್ದ ಉದ್ದ ಪದಗಳು ಅರ್ಥವಾಗಲಿಲ್ಲ. ಆದರೆ ಎರಡು ಅಂಕಿ ಕಣ್ಣಿಗೆ ಬಿದ್ದವು. ಔಷಧ ಕೊಡುವ ಮೊದಲು 8 ಎಚ್‌ಯು, ಕೊಟ್ಟ ಮೇಲೆ 11 ಎಚ್‌ಯು. ಮರುದಿನ ಡಾಕ್ಟರ್ ಆ ಎರಡು ಅಂಕಿಯ ಕೆಳಗೆ ಪೆನ್ನಿನಿಂದ ಗೆರೆ ಎಳೆದು, ಇದು ಬರೀ ನೀರು, ಏನೂ ಮಾಡಬೇಕಾಗಿಲ್ಲ ಎಂದು ತಿಳಿಸಿದರು. ಅಮ್ಮಿಯ ಬಳೆ ಕೈಗೆ ವಾಪಸ್ ಬಂತು. ಆ ಎಚ್‌ಯು ಅಂದರೆ ಏನು ಎಂದು ಹುಡುಕುತ್ತ ಹೋದಾಗಲೇ ನನಗೆ ಹೌನ್ಸ್‌ಫೀಲ್ಡ್ ಸಿಕ್ಕಿದ್ದು.

ಎಲ್ಲರಿಗೂ ವರದಿ ಹೀಗೇ ಬರುವುದಿಲ್ಲ. 8 ಇದ್ದದ್ದು 70 ಆಗುವ ಮನೆಗಳೂ ಇವೆ. ಅಂಥವರಿಗೂ ಈ ಅಂಕಿಯಿಂದ ಉಪಕಾರವೇ ಆಗುತ್ತದೆ. ಗೆಡ್ಡೆ ಚಿಕ್ಕದಿದ್ದಾಗಲೇ ಗೊತ್ತಾದರೆ ಇಡೀ ಗುರ್ದಾ ತೆಗೆಯದೆ ಗೆಡ್ಡೆಯ ಭಾಗವನ್ನು ಮಾತ್ರ ತೆಗೆಯಲು ಅನೇಕ ಸಲ ಸಾಧ್ಯವಾಗುತ್ತದೆ. ಇನ್ನು ಕೆಲವು ಸಿಸ್ಟ್‌ಗಳು ಪೂರ್ತಿ ನೀರೂ ಅಲ್ಲ, ಪೂರ್ತಿ ಮಾಂಸವೂ ಅಲ್ಲ. ಒಳಗೆ ಅಡ್ಡಗೋಡೆ ಇರುತ್ತದೆ, ಸುಣ್ಣ ಕಟ್ಟಿರುತ್ತದೆ, ಗೋಡೆ ದಪ್ಪಗಿರುತ್ತದೆ. ಇವುಗಳಿಗಾಗಿ ನ್ಯೂಯಾರ್ಕಿನ ರೇಡಿಯಾಲಜಿಸ್ಟ್ ಮಾರ್ಟನ್ ಬಾಸ್ನಿಯಾಕ್ 1986ರಲ್ಲಿ ನಾಲ್ಕು ದರ್ಜೆ ಮಾಡಿದರು. ಒಂದನೇ ದರ್ಜೆ ಸಾದಾ ನೀರಿನ ಚೀಲ, ನಾಲ್ಕನೇ ದರ್ಜೆ ಬಹುತೇಕ ಕ್ಯಾನ್ಸರ್. ಮೂರನೆಯದು ಎರಡೂ ಆಗಬಹುದು. ಎರಡು ಮತ್ತು ಮೂರರ ನಡುವೆ, ಕಾಲಕಾಲಕ್ಕೆ ಸ್ಕ್ಯಾನ್ ಮಾಡಿ ಗಮನಿಸಬೇಕಾದ ಒಂದು ದರ್ಜೆಯನ್ನು ಆಮೇಲೆ ಸೇರಿಸಿದರು. ಆ ದರ್ಜೆಗಳ ಹಿಂದೆಯೂ ಹೌನ್ಸ್‌ಫೀಲ್ಡ್ ಅವರ ಅಳತೆಯೇ ಇದೆ.

ಕಾಮರ್ಸ್ ವಿದ್ಯಾರ್ಥಿಯಾಗಿ ಕಂಪನಿಯ ಕಥೆಯನ್ನೂ ಹೇಳಬೇಕು. ಬೀಟಲ್ಸ್ ಹಾಡಿನ ಹಣದಿಂದಲೇ ಸಿ.ಟಿ. ಸ್ಕ್ಯಾನ್ ಹುಟ್ಟಿತು ಎಂದು ಕೆಲವರು ಹೇಳುತ್ತಾರೆ. ಅದು ಪೂರ್ತಿ ಸತ್ಯವಲ್ಲ. ಬ್ರಿಟನ್ನಿನ ಆರೋಗ್ಯ ಇಲಾಖೆಯೂ ಇದಕ್ಕೆ ಹಣ ಹಾಕಿತ್ತು. 1973ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿಗೆ ಇಎಂಐ ಸ್ಕ್ಯಾನರ್ ಹೋಯಿತು. ಆರ್ಡರ್‌ಗಳು ಸುರಿದವು. ಆದರೆ ವೈದ್ಯಕೀಯ ಯಂತ್ರ ಮಾರಿ ಅನುಭವವಿದ್ದ ದೊಡ್ಡ ಕಂಪನಿಗಳು ಬೇಗನೆ ಪೈಪೋಟಿಗೆ ಬಂದವು. ದುಬಾರಿ ಯಂತ್ರ ಕೊಳ್ಳಲು ಅಮೆರಿಕದಲ್ಲಿ ಸರ್ಕಾರದ ಅನುಮತಿಯ ನಿಯಮವೂ ಬಿಗಿಯಾಯಿತು. ಇಎಂಐ ನಷ್ಟಕ್ಕೆ ಬಿತ್ತು. 1979ರಲ್ಲಿ ಥಾರ್ನ್ ಎಂಬ ಕಂಪನಿ ಅದನ್ನು ಕೊಂಡುಕೊಂಡಿತು. ಅದೇ 1979ರಲ್ಲಿ ಹೌನ್ಸ್‌ಫೀಲ್ಡ್ ಅವರಿಗೆ ನೊಬೆಲ್ ಬಂತು. ಮೊದಲು ಕಂಡುಹಿಡಿದವರಿಗೇ ಮಾರುಕಟ್ಟೆ ಉಳಿಯುತ್ತದೆ ಎಂಬ ಗ್ಯಾರಂಟಿ ಇಲ್ಲ.

ಆ ನೊಬೆಲ್ ಅನ್ನು ಅವರು ಅಲನ್ ಕಾರ್ಮ್ಯಾಕ್ ಜೊತೆ ಹಂಚಿಕೊಂಡರು. ಕಾರ್ಮ್ಯಾಕ್ ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಭೌತವಿಜ್ಞಾನಿ. ಇದೇ ಲೆಕ್ಕದ ಗಣಿತವನ್ನು ಅವರು 1963 ಮತ್ತು 1964ರಲ್ಲೇ ಪ್ರಕಟಿಸಿದ್ದರು. ಆಗ ಅದನ್ನು ಗಮನಿಸಿದವರು ಕಡಿಮೆ. ಹೌನ್ಸ್‌ಫೀಲ್ಡ್ ಅವರಿಗೂ ಅದು ಗೊತ್ತಿರಲಿಲ್ಲ. ಇಬ್ಬರೂ ಬೇರೆ ಬೇರೆ ದಾರಿಯಿಂದ ಒಂದೇ ಜಾಗಕ್ಕೆ ಬಂದಿದ್ದರು. ಕಾರ್ಮ್ಯಾಕ್ ಅವರಿಗೂ ಪಿಎಚ್.ಡಿ. ಇರಲಿಲ್ಲ.

1981ರಲ್ಲಿ ಹೌನ್ಸ್‌ಫೀಲ್ಡ್ ಅವರಿಗೆ ಸರ್ ಪದವಿ ಬಂತು. ಅವರು ಮದುವೆಯಾಗಲಿಲ್ಲ. ಆಡಂಬರ ಇರಲಿಲ್ಲ. ನಡೆಯುವುದು, ತಾವೇ ಕಲಿತ ಪಿಯಾನೋ ನುಡಿಸುವುದು, ಹೊಸ ಯಂತ್ರದ ಬಗ್ಗೆ ಯೋಚಿಸುವುದು, ಇಷ್ಟೇ ಅವರ ಸಂತೋಷ. 1986ರಲ್ಲಿ ನಿವೃತ್ತರಾದರು. 2004ರ ಆಗಸ್ಟ್ 12ರಂದು, 84ನೇ ವಯಸ್ಸಿನಲ್ಲಿ ತೀರಿಕೊಂಡರು. ಆಗ ನಮ್ಮಲ್ಲಿ ಯಾವ ವಿದ್ಯಾರ್ಥಿಯೂ ಹುಟ್ಟಿರಲಿಲ್ಲ.

ಕೊನೆಗೆ ಒಂದು ಮಾತು. ಅಂಕಿ ನೋಡಿ ನಾವೇ ಡಾಕ್ಟರ್ ಆಗಬಾರದು. ರಕ್ತ ಸೇರಿದ ಸಿಸ್ಟ್ 70 ದಾಟಿದರೂ ನಿರಪಾಯವಾಗಿರಬಹುದು. ಅದನ್ನು ಹೇಳಬೇಕಾದವರು ಚಿತ್ರವನ್ನು ಪೂರ್ತಿ ನೋಡಿದ ವೈದ್ಯರು. ಆದರೆ ಕೇಳುವುದು ನಮ್ಮ ಹಕ್ಕು. ನಮ್ಮ ನಿಮ್ಮ ಮನೆಗಳಲ್ಲಿ ಹಿರಿಯರ ವರದಿ ಓದುವವರು ಹೆಚ್ಚಾಗಿ ನಾವೇ ಮಕ್ಕಳು. ಗುರ್ದಾದಲ್ಲಿ ಗಂಟಿದೆ ಎಂದು ಬರೆದಿದ್ದರೆ ಅಳುವ ಮೊದಲು ಎರಡು ಪ್ರಶ್ನೆ ಕೇಳಿ. ಔಷಧ ಕೊಡುವ ಮೊದಲು ಎಷ್ಟು ಎಚ್‌ಯು ಇತ್ತು? ಕೊಟ್ಟ ಮೇಲೆ ಎಷ್ಟಾಯಿತು?